ಜಾನಪದ ದಾಖಲಾತಿಯ ಜಾಲ ಅನ್ವಯ ಮತ್ತು ಸ್ವಯಂಚಾಲಿತ ಪರೀಕ್ಷೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರವನ್ನು ಅನುಲಕ್ಷಿಸಿ

ಪೀಠಿಕೆ

ಜಾನಪದ ಸಾಮಗ್ರಿಯ ಸಂಗ್ರಹ, ವರ್ಗೀಕರಣ ಮತ್ತು ಸಂರಕ್ಷಣೆಗಳು ನಮ್ಮ ಅಧ್ಯಯನಶಿಸ್ತಿನ ಮೊದಲ ಹೊಣೆಗಳು. ಕೈಬರಹದ ಪುಸ್ತಕದಿಂದ ಸ್ಪೂಲ್ ಟೇಪಿಗೆ, ಅಲ್ಲಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಗಣಕದ ಕಡತಕ್ಕೆ ಸಾಮಗ್ರಿ ಸಾಗಿ ಬಂದಿದೆ. ಕರಾವಳಿಯ ಮಟ್ಟಿಗೆ ಹೇಳುವುದಾದರೆ, ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಪ್ರೊ. ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಧ್ವನಿ ಹಾಗೂ ದೃಶ್ಯ ದಾಖಲಾತಿಯ ದಾರಿಯನ್ನು ತೋರಿಸಿಕೊಟ್ಟಿತು. ನೆರೆಯ ತುಳು ಪ್ರದೇಶದಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೋ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರಲ್ಲಿ ಧ್ವನಿಮುದ್ರಿಸಿಕೊಂಡು, 15,683 ಸಾಲುಗಳ ಪಠ್ಯವಾಗಿ 1998ರಲ್ಲಿ ಪ್ರಕಟಿಸಿದುದು ಈ ಹಾದಿಯ ದೊಡ್ಡ ಮೈಲಿಗಲ್ಲು.

ಇಂದು ಇಂತಹ ಸಾಮಗ್ರಿಯು ಜಾಲ ಅನ್ವಯದ, ಅಂದರೆ ವೆಬ್ ಅಪ್ಲಿಕೇಶನ್ನಿನ, ರೂಪದಲ್ಲಿ ಓದುಗರನ್ನು ತಲುಪುತ್ತಿದೆ. ಅನ್ವಯವೆಂಬುದು ಅಚ್ಚಾದ ಪುಸ್ತಕದಂತೆ ಒಮ್ಮೆ ಮುಗಿದು ನಿಲ್ಲುವ ವಸ್ತುವಲ್ಲ. ಅದು ದಿನದಿನವೂ ತಿದ್ದಲ್ಪಡುತ್ತದೆ. ಒಂದೆಡೆ ಮಾಡಿದ ತಿದ್ದುಪಡಿಯು ಮತ್ತೊಂದೆಡೆಯ ನಡವಳಿಕೆಯನ್ನು ಸದ್ದಿಲ್ಲದೆ ಕೆಡಿಸಬಲ್ಲದು. ಇದನ್ನು ಪತ್ತೆಹಚ್ಚುವ ಸಾಧನವೇ ಸ್ವಯಂಚಾಲಿತ ಪರೀಕ್ಷೆ. ಇದು ತಂತ್ರಜ್ಞರ ವಿಷಯ, ನಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಜಾನಪದ ವಿದ್ವಾಂಸರಲ್ಲಿದೆ. ಪರೀಕ್ಷೆಯಲ್ಲಿ ಏನನ್ನು ಕೇಳಬೇಕೆಂಬುದನ್ನು ನಿರ್ಧರಿಸಬೇಕಾದವರು ಸಂಗ್ರಾಹಕರೇ ಎಂಬುದು ಪ್ರಸ್ತುತ ಪ್ರಬಂಧದ ವಾದ.

ಒಂದು ಅನುಭವ

ಈ ವಾದಕ್ಕೆ ಕಾರಣವಾದ ಘಟನೆಯನ್ನು ಮೊದಲು ದಾಖಲಿಸುವುದು ಉಚಿತ. ಬೈಂದೂರು ಕಡೆಯ ಒಂದು ಮನೆಯಲ್ಲಿ ಹಿರಿಯ ಮಹಿಳೆಯೊಬ್ಬರು ತಮ್ಮ ಮನೆಯ ದೈವಕ್ಕೆ ಸಂಬಂಧಿಸಿದ ಕಥನಗೀತೆಯನ್ನು ನನಗೆ ಹಾಡಿ ಕೊಟ್ಟಿದ್ದರು. ಅಧ್ಯಯನಕ್ಕೆ ಬಳಸಬಹುದು, ಊರಿಗೆಲ್ಲ ಕೇಳುವಂತೆ ಹಾಕಬಾರದು ಎಂಬುದು ಅವರ ನಿಬಂಧನೆಯಾಗಿತ್ತು. ನಾನು ಒಪ್ಪಿದ್ದೆ. ಮುಂದೆ ನನ್ನ ಸಂಗ್ರಹಕ್ಕಾಗಿ ಸಣ್ಣದೊಂದು ಜಾಲ ಅನ್ವಯ ಸಿದ್ಧವಾದಾಗ ಆ ದಾಖಲೆಗೆ ‘ನಿರ್ಬಂಧಿತ’ ಎಂಬ ಗುರುತು ಹಾಕಲಾಯಿತು. ಅಪರಿಚಿತರು ಆ ಪುಟವನ್ನು ತೆರೆದರೆ ಏನೂ ಕಾಣುತ್ತಿರಲಿಲ್ಲ.

ಕೆಲವು ತಿಂಗಳ ಬಳಿಕ ಅನ್ವಯಕ್ಕೆ ಹೊಸ ಹುಡುಕಾಟದ ಸೌಲಭ್ಯವನ್ನು ಸೇರಿಸಲಾಯಿತು. ನಾನು ‘ಹೂವಿನಕೋಲು’ ಎಂದು ಹುಡುಕಿ ನೋಡಿದೆ, ಫಲಿತಾಂಶ ಬಂತು, ತೃಪ್ತನಾದೆ. ಆದರೆ ಹೊಸ ಹುಡುಕಾಟವು ದತ್ತಾಂಶದ ಕೋಷ್ಟಕವನ್ನು ನೇರವಾಗಿ ಓದುತ್ತಿತ್ತು. ನಿರ್ಬಂಧದ ತಪಾಸಣೆ ಇದ್ದುದು ದಾಖಲೆಯ ಪುಟದಲ್ಲಿ ಮಾತ್ರ. ಪರಿಣಾಮವಾಗಿ ಆ ಗೀತೆಯ ಮೊದಲ ಸಾಲುಗಳು ಫಲಿತಾಂಶದ ಪಟ್ಟಿಯಲ್ಲಿ ಎಲ್ಲರಿಗೂ ಕಾಣಿಸಿಕೊಂಡವು. ಆ ಮನೆಯ ಮೊಮ್ಮಗ ದೂರವಾಣಿಯಲ್ಲಿ ತಿಳಿಸಿದ ಮೇಲಷ್ಟೇ ನನಗೆ ಗೊತ್ತಾದುದು. ಅಷ್ಟರಲ್ಲಿ ಹಾಡಿದವರು ತೀರಿಕೊಂಡಿದ್ದರು. ಅವರಿಗೆ ಕ್ಷಮೆ ಕೇಳುವ ಅವಕಾಶವೂ ಉಳಿದಿರಲಿಲ್ಲ.

ಇಲ್ಲಿ ತಪ್ಪು ನನ್ನದೇ. ಮನುಷ್ಯನು ಕಣ್ಣಿನಿಂದ ಪರೀಕ್ಷಿಸುವಾಗ ಹೊಸದನ್ನು ನೋಡುತ್ತಾನೆ, ಹಳೆಯ ಮಾತನ್ನು ಮರೆಯುತ್ತಾನೆ. ಯಂತ್ರಕ್ಕೆ ಹೊಸತು ಹಳತೆಂಬ ಭೇದವಿಲ್ಲ. ಒಮ್ಮೆ ಬರೆದಿಟ್ಟ ಪ್ರಶ್ನೆಯನ್ನು ಅದು ಪ್ರತಿ ಬದಲಾವಣೆಯ ನಂತರವೂ ಬೇಸರವಿಲ್ಲದೆ ಕೇಳುತ್ತದೆ.

ಪರೀಕ್ಷಾ ಚೌಕಟ್ಟಿನ ಸ್ವರೂಪ

ಸ್ವಯಂಚಾಲಿತ ಪರೀಕ್ಷೆಯೆಂದರೆ ಒಂದು ಕ್ರಮವಿಧಿಯ ನಡವಳಿಕೆಯನ್ನು ಪರಿಶೀಲಿಸಲು ಬರೆದ ಇನ್ನೊಂದು ಕ್ರಮವಿಧಿ. ಇಂತಹ ಪರೀಕ್ಷೆಗಳನ್ನು ಬರೆಯಲು, ಒಟ್ಟಿಗೆ ಓಡಿಸಲು, ಯಾವುದು ಗೆದ್ದಿತು ಯಾವುದು ಸೋತಿತು ಎಂಬ ವರದಿಯನ್ನು ಪಡೆಯಲು ನೆರವಾಗುವ ಸಿದ್ಧ ವ್ಯವಸ್ಥೆಗೆ ಪರೀಕ್ಷಾ ಚೌಕಟ್ಟು ಅಥವಾ ಟೆಸ್ಟಿಂಗ್ ಫ್ರೇಮ್‌ವರ್ಕ್ ಎಂದು ಹೆಸರು. ಕೆಂಟ್ ಬೆಕ್ ಅವರು ಸ್ಮಾಲ್‌ಟಾಕ್ ಭಾಷೆಗಾಗಿ ರೂಪಿಸಿದ ಎಸ್‌ಯೂನಿಟ್, ಅವರೇ ಎರಿಕ್ ಗಾಮಾ ಅವರೊಡಗೂಡಿ 1997ರಲ್ಲಿ ಜಾವಾ ಭಾಷೆಗೆ ತಂದ ಜೆಯೂನಿಟ್, ಇವು ಈ ಪರಂಪರೆಯ ಮೂಲಪುರುಷರು. ಪೈಥಾನ್ ಭಾಷೆಯಲ್ಲಿ ಇದೇ ಕುಲದ ಯೂನಿಟ್‌ಟೆಸ್ಟ್ 2001ರಿಂದ ಭಾಷೆಯ ಜೊತೆಗೇ ದೊರೆಯುತ್ತಿದೆ. 2005ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಜಾಂಗೋ ಎಂಬ ಜಾಲ ಅನ್ವಯ ಚೌಕಟ್ಟಿನ ಪರೀಕ್ಷಾ ವ್ಯವಸ್ಥೆಯೂ ಇದರ ಮೇಲೆಯೇ ನಿಂತಿದೆ.

ಒಂದು ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೂರು ಅಂಗಗಳಿರುತ್ತವೆ. ಮೊದಲನೆಯದು ಸಿದ್ಧತೆ: ಪರೀಕ್ಷೆಗೆ ಬೇಕಾದ ದತ್ತಾಂಶವನ್ನು ಕೂಡಿಸುವುದು. ಎರಡನೆಯದು ಕ್ರಿಯೆ: ಅನ್ವಯಕ್ಕೆ ಒಂದು ಬೇಡಿಕೆಯನ್ನು ಕಳುಹಿಸುವುದು. ಮೂರನೆಯದು ನಿರ್ಣಯ: ಬಂದ ಉತ್ತರವನ್ನು ನಿರೀಕ್ಷಿತ ಉತ್ತರದೊಂದಿಗೆ ಹೋಲಿಸುವುದು. ಮೇಲೆ ಹೇಳಿದ ಘಟನೆಯನ್ನೇ ಪರೀಕ್ಷೆಯಾಗಿ ಬರೆದರೆ ಅದರ ಕ್ರಮ ಹೀಗಿರುತ್ತದೆ:

ಸಿದ್ಧತೆ – ‘ನಿರ್ಬಂಧಿತ’ ಗುರುತುಳ್ಳ ಒಂದು ಕೃತಕ ದಾಖಲೆಯನ್ನು ಸೇರಿಸು. ಬೇರೆಲ್ಲಿಯೂ ಬಾರದ ಒಂದು ಪದವನ್ನು ಅದರ ಪಠ್ಯದಲ್ಲಿ ಇಡು.
ಕ್ರಿಯೆ – ಪ್ರವೇಶ ಪಡೆಯದ ಓದುಗನಾಗಿ ಆ ಪದವನ್ನು ಹುಡುಕು.
ನಿರ್ಣಯ – ಫಲಿತಾಂಶಗಳ ಸಂಖ್ಯೆ ಸೊನ್ನೆಯಾಗಿರಬೇಕು. ಪಠ್ಯದ ಯಾವ ಭಾಗವೂ ಉತ್ತರದ ಪುಟದಲ್ಲಿ ಇರಬಾರದು.

ಸೇರಿಸಿದ ದಾಖಲೆ ನಿಜವಾದ ಸಂಗ್ರಹದಲ್ಲಿ ಬೆರೆಯುವುದೇ ಎಂಬ ಆತಂಕ ಬೇಡ. ಜಾಂಗೋ ವ್ಯವಸ್ಥೆಯು ಪರೀಕ್ಷೆಗಾಗಿ ಪ್ರತ್ಯೇಕವಾದ ತಾತ್ಕಾಲಿಕ ದತ್ತಾಂಶ ಸಂಚಯವನ್ನು ನಿರ್ಮಿಸಿ, ಪ್ರತಿ ಪರೀಕ್ಷೆ ಮುಗಿದೊಡನೆ ಅದರ ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತದೆ. ಹೀಗಾಗಿ ಒಂದು ಪರೀಕ್ಷೆಯ ಶೇಷ ಮತ್ತೊಂದಕ್ಕೆ ಅಂಟುವುದಿಲ್ಲ. ನಿಜವಾದ ದಾಖಲೆಯನ್ನು ಪರೀಕ್ಷೆಗೆ ಬಳಸಕೂಡದು. ಪರೀಕ್ಷೆಯ ಕಡತಗಳನ್ನು ಹಲವರು ಓದುವುದರಿಂದ ಗೋಪ್ಯ ಪಠ್ಯ ಅಲ್ಲಿಂದಲೇ ಹೊರಬೀಳಬಹುದು.

ಲಿಪಿಯ ಪರೀಕ್ಷೆಗಳು

ಕನ್ನಡ ಸಾಮಗ್ರಿಯಲ್ಲಿ ಮೊದಲು ಎದುರಾಗುವುದು ಯುನಿಕೋಡ್‌ನ ಪ್ರಶ್ನೆ. ನವರಾತ್ರಿಯ ಸಮಯದಲ್ಲಿ ಮಕ್ಕಳು ಭಾಗವತರೊಂದಿಗೆ ಮನೆಮನೆಗೆ ಹೋಗಿ ಯಕ್ಷಗಾನದ ಮಾತು ನಡೆಸುವ ‘ಹೂವಿನಕೋಲು’ ಈ ಭಾಗದ ಪ್ರಸಿದ್ಧ ಪ್ರಕಾರ. ಈ ಪದವನ್ನು ಗಣಕವು ಸಾಮಾನ್ಯವಾಗಿ 9 ಸಂಕೇತಗಳಾಗಿ ಉಳಿಸಿಕೊಳ್ಳುತ್ತದೆ. ಆದರೆ ‘ಕೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ಬಿಡಿಸಿದಾಗ ಅದೇ ಪದ 11 ಸಂಕೇತಗಳಾಗುತ್ತದೆ. ತೆರೆಯ ಮೇಲೆ ಎರಡೂ ಒಂದೇ. ಗಣಕಕ್ಕೆ ಮಾತ್ರ ಬೇರೆ ಬೇರೆ ಪದಗಳು. ಒಂದು ರೂಪದಲ್ಲಿ ಉಳಿಸಿದ್ದನ್ನು ಇನ್ನೊಂದು ರೂಪದಲ್ಲಿ ಹುಡುಕಿದವನಿಗೆ ದಾಖಲೆಯೇ ಇಲ್ಲವೆಂಬ ಉತ್ತರ ಬರುತ್ತದೆ.

ಯುನಿಕೋಡ್ ಇದಕ್ಕೆ ಸಾಮಾನ್ಯೀಕರಣ ಎಂಬ ವಿಧಾನವನ್ನು ನೀಡಿದೆ. ಉಳಿಸುವ ಮತ್ತು ಹುಡುಕುವ ಎರಡೂ ಸಂದರ್ಭಗಳಲ್ಲಿ ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು. ಪರೀಕ್ಷೆಯಲ್ಲಿ 11 ಸಂಕೇತಗಳ ರೂಪವನ್ನು ಉಳಿಸಿ, 9 ಸಂಕೇತಗಳ ರೂಪದಿಂದ ಹುಡುಕಿ, ದಾಖಲೆ ಸಿಕ್ಕಲೇಬೇಕೆಂದು ನಿರ್ಣಯಿಸಬೇಕು. ಅನಂತರ ತಿರುಗಿಸಿ ಮಾಡಬೇಕು.

ಎರಡನೆಯದು ಅಕಾರಾದಿಯ ಪ್ರಶ್ನೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ. ಯುನಿಕೋಡ್‌ನ ಸಂಕೇತ ಸಂಖ್ಯೆಗಳಲ್ಲಿ ಅದು ‘ಲ’ದ ನಂತರ, ‘ವ’ಕ್ಕಿಂತ ಮುಂಚೆ ಬರುತ್ತದೆ. ಕೇವಲ ಸಂಕೇತ ಸಂಖ್ಯೆಯಂತೆ ಜೋಡಿಸಿದರೆ ‘ಬಳೆ’ ಮೊದಲು ಬಂದು ‘ಬಸಳೆ’ ನಂತರ ಬರುತ್ತದೆ. ನಿಘಂಟಿನ ಕ್ರಮದಲ್ಲಿ ‘ಬಸಳೆ’ಯೇ ಮೊದಲು. ಈ ಎರಡು ಪದಗಳ ಒಂದು ಪುಟ್ಟ ಪರೀಕ್ಷೆ ಇಡೀ ಪದಸೂಚಿಯನ್ನು ಕಾಯಬಲ್ಲದು.

ಇಂತಹ ಪರೀಕ್ಷೆಗಳು ಕನ್ನಡದಲ್ಲಿ ಹೊಸತಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಬೆರಳಚ್ಚಿಸಲು ಬಳಕೆಯಾಗುವ ಜೆಕ್ವೆರಿ.ಐಎಂಇ ಎಂಬ ಮುಕ್ತ ತಂತ್ರಾಂಶವನ್ನು ಉದಾಹರಿಸಬಹುದು. ಅದರಲ್ಲಿರುವ ಕನ್ನಡ ಕೀಲಿಮಣೆ ವಿನ್ಯಾಸಗಳಲ್ಲಿ ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೂ ಸೇರಿದೆ. ಇದರ ಪರೀಕ್ಷೆಗಳು ಕ್ಯೂಯೂನಿಟ್ ಎಂಬ ಚೌಕಟ್ಟಿನಲ್ಲಿವೆ. ಒಂದು ಕಡೆ ಒತ್ತುವ ಕೀಲಿಗಳು, ಇನ್ನೊಂದು ಕಡೆ ಮೂಡಬೇಕಾದ ಅಕ್ಷರ, ಹೀಗೆ ಜೋಡಿಗಳ ಪಟ್ಟಿಯೇ ಅಲ್ಲಿ ಪರೀಕ್ಷೆಯ ಸ್ವರೂಪ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕೆ, ಎಫ್, ಆರ್ ಕೀಲಿಗಳನ್ನು ಕ್ರಮವಾಗಿ ಒತ್ತಿದರೆ ‘ಕ್ರ’ ಮೂಡಬೇಕು ಎಂಬುದು ಇಂತಹ ಜೋಡಿಗೆ ನಿದರ್ಶನ. ಪ್ರೋಗ್ರಾಮಿಂಗ್ ಅರಿಯದ ಭಾಷಾವಿದ್ವಾಂಸರೂ ಇಂತಹ ಪಟ್ಟಿಯನ್ನು ಸಿದ್ಧಪಡಿಸಿ ಕೊಡಬಹುದೆಂಬುದು ಗಮನಾರ್ಹ.

ಉಪಭಾಷೆ ಮತ್ತು ಪಾಠಾಂತರ

ಪರೀಕ್ಷೆಯ ತರ್ಕಕ್ಕೂ ಜಾನಪದದ ತರ್ಕಕ್ಕೂ ಇಲ್ಲೊಂದು ಘರ್ಷಣೆಯಿದೆ. ಪರೀಕ್ಷೆಯು ‘ಸರಿಯಾದ ಉತ್ತರ ಯಾವುದು’ ಎಂದು ಕೇಳುತ್ತದೆ. ಜಾನಪದದಲ್ಲಿ ಒಂದೇ ಸರಿಯಾದ ಪಾಠವೆಂಬುದಿಲ್ಲ, ಇರುವುದೆಲ್ಲ ಪಾಠಾಂತರಗಳೇ. ಕುಂದಾಪ್ರ ಕನ್ನಡದಲ್ಲಿ ಈ ಸಮಸ್ಯೆ ಇನ್ನೂ ತೀವ್ರ. ‘ಹೋಗುವುದು’ ಎಂಬ ಗ್ರಾಂಥಿಕ ರೂಪಕ್ಕೆ ಇಲ್ಲಿ ‘ಹೋಪುದು’ ಎಂದೂ ‘ಹ್ವಾಪ್ದ್’ ಎಂದೂ ಬರೆಯುವವರಿದ್ದಾರೆ. ‘ಬರುವುದು’ ಎಂಬುದು ‘ಬಪ್ಪುದು’, ‘ಬಪ್ದ್’ ಎಂದಾಗುತ್ತದೆ. ಪದಾಂತ್ಯದ ಉಕಾರ ಬಿದ್ದುಹೋಗಿ ವ್ಯಂಜನವೇ ಉಳಿಯುವ ಈ ಪ್ರವೃತ್ತಿಯಿಂದಾಗಿ ಬರವಣಿಗೆಯಲ್ಲಿ ಅರ್ಧಾಕ್ಷರಗಳು ಹೇರಳ. ‘ಮಾಡ್ಕಂಡ್’ ಎಂದು ಒತ್ತಕ್ಷರದಲ್ಲಿ ಬರೆದರೂ, ‘ಮಾಡ್‌ಕಂಡ್’ ಎಂದು ಬಿಡಿಸಿ ಬರೆದರೂ ಉಚ್ಚಾರ ಒಂದೇ. ಎರಡನೆಯದರ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಬೇರ್ಪಡಿಕೆಯ ಸಂಕೇತವಿರುತ್ತದೆ. ಸಾಮಾನ್ಯೀಕರಣ ಇದನ್ನು ತೆಗೆದುಹಾಕುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಮಾರ್ಗವೆಂದರೆ ಉಳಿಸುವಿಕೆ ಮತ್ತು ಹುಡುಕಾಟಗಳನ್ನು ಬೇರೆ ಬೇರೆ ತತ್ತ್ವಗಳಿಂದ ಪರೀಕ್ಷಿಸುವುದು. ಉಳಿಸುವಾಗ ಲಿಪ್ಯಂತರಕಾರನು ಬರೆದ ವರ್ತನಿ ಹಾಗೆಯೇ ಉಳಿಯಬೇಕು. ‘ಹ್ವಾಪ್ದ್’ ಎಂದು ಕೊಟ್ಟದ್ದು ‘ಹ್ವಾಪ್ದ್’ ಎಂದೇ ಮರಳಿ ಬರಬೇಕು. ಅನ್ವಯವು ಅದನ್ನು ‘ಹೋಗುವುದು’ ಎಂದು ತಿದ್ದಿದರೆ ಪರೀಕ್ಷೆ ಸೋಲಬೇಕು. ಹುಡುಕಾಟದಲ್ಲಾದರೋ ಔದಾರ್ಯ ಬೇಕು. ಮೂರು ರೂಪಗಳಲ್ಲಿ ಯಾವುದನ್ನು ಕೊಟ್ಟರೂ ಮೂರೂ ದಾಖಲೆಗಳು ದೊರೆಯಬೇಕು. ಒಂದೇ ಪರೀಕ್ಷೆಯನ್ನು ಹಲವು ಜೋಡಿಗಳ ಮೇಲೆ ಓಡಿಸುವ ಸೌಲಭ್ಯ ಬಹುತೇಕ ಚೌಕಟ್ಟುಗಳಲ್ಲಿರುವುದರಿಂದ ಪಾಠಾಂತರಗಳ ಕೋಷ್ಟಕವನ್ನೇ ಪರೀಕ್ಷೆಯನ್ನಾಗಿ ಮಾಡಬಹುದು. ಹೊಸ ರೂಪ ಸಿಕ್ಕಂತೆಲ್ಲ ಕೋಷ್ಟಕಕ್ಕೆ ಒಂದು ಸಾಲು ಸೇರುತ್ತದೆ. ಹೀಗೆ ‘ಸರಿಯಾದ ಉತ್ತರ’ವೆಂಬುದು ಒಂದು ಪಾಠವಾಗಿರದೆ, ಪಾಠಗಳ ನಡುವಣ ಸಂಬಂಧವಾಗುತ್ತದೆ.

ಸ್ಥಳದ ಹೆಸರೂ ಇಂತಹದೇ ಸಮಸ್ಯೆ. 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾಗುವ ಮೊದಲು ಈ ಪ್ರದೇಶವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಬೈಂದೂರು ಆಗ ಕುಂದಾಪುರ ತಾಲ್ಲೂಕಿನ, ಬ್ರಹ್ಮಾವರ ಉಡುಪಿ ತಾಲ್ಲೂಕಿನ ಭಾಗಗಳಾಗಿದ್ದವು. ಇವೆರಡೂ ಪ್ರತ್ಯೇಕ ತಾಲ್ಲೂಕುಗಳಾಗಿ 2018ರಲ್ಲಿ ಕಾರ್ಯಾರಂಭ ಮಾಡಿದವು. ಶಿವರಾಮ ಕಾರಂತರ ಕೋಟ ಮತ್ತು ಸಾಲಿಗ್ರಾಮಗಳು, ಮೇಳಕ್ಕೆ ಹೆಸರಾದ ಮಂದಾರ್ತಿ ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿವೆ. ಹಳೆಯ ಕ್ಯಾಸೆಟ್ಟಿನ ಮೇಲೆ ‘ಕುಂದಾಪುರ ತಾಲ್ಲೂಕು’ ಎಂದು ಬರೆದಿದ್ದರೆ ಅದು ಸುಳ್ಳಲ್ಲ, ಅಂದಿನ ಸತ್ಯ. ಅದನ್ನು ಅಳಿಸದೆ, ಇಂದಿನ ಬೈಂದೂರು ತಾಲ್ಲೂಕಿನ ಹುಡುಕಾಟದಲ್ಲಿಯೂ ಅದು ದೊರೆಯುವಂತೆ ಮಾಡಬೇಕು. ‘ಬೈಂದೂರು ತಾಲ್ಲೂಕು ಎಂದು ಹುಡುಕಿದಾಗ 2018ಕ್ಕೆ ಮುಂಚಿನ ದಾಖಲೆಯೂ ಬರಬೇಕು, ಅದರ ಪುಟದಲ್ಲಿ ಮೂಲ ವಿಳಾಸ ಹಾಗೆಯೇ ಕಾಣಬೇಕು’ ಎಂಬ ಎರಡು ನಿರ್ಣಯಗಳ ಪರೀಕ್ಷೆ ಈ ಕೆಲಸವನ್ನು ಮಾಡುತ್ತದೆ.

ನಿರ್ಬಂಧದ ಪರೀಕ್ಷೆಗಳು

ಈಗ ಮೊದಲಿನ ಘಟನೆಗೆ ಮರಳಬಹುದು. ಹುಡುಕಾಟದ ದೋಷವನ್ನು ಸರಿಪಡಿಸುವ ಮೊದಲು ಅದನ್ನು ಹಿಡಿಯುವ ಪರೀಕ್ಷೆಯನ್ನು ಬರೆದು, ಅದು ಸೋಲುವುದನ್ನು ಕಣ್ಣಾರೆ ಕಂಡು, ಆಮೇಲೆ ದೋಷವನ್ನು ತಿದ್ದಲಾಯಿತು. ಈ ಕ್ರಮ ಮುಖ್ಯವಾದುದು. ಒಮ್ಮೆಯೂ ಸೋಲದ ಪರೀಕ್ಷೆ ನಿಜವಾಗಿಯೂ ಏನನ್ನಾದರೂ ನೋಡುತ್ತಿದೆಯೇ ಎಂಬುದಕ್ಕೆ ಸಾಕ್ಷಿಯಿಲ್ಲ.

ಆದರೆ ಒಂದು ಬಾಗಿಲನ್ನು ಮುಚ್ಚಿದರೆ ಸಾಲದು. ಒಂದು ದಾಖಲೆ ಅನ್ವಯದಿಂದ ಹೊರಹೋಗುವ ದಾರಿಗಳನ್ನೆಲ್ಲ ಪಟ್ಟಿಮಾಡಿದಾಗ ನನಗೆ ದೊರೆತವು ಇವು: ದಾಖಲೆಯ ಪುಟ, ಹುಡುಕಾಟದ ಪಟ್ಟಿ, ಗಾಯಕರ ಹೆಸರಿನ ಸೂಚಿ, ‘ಇತ್ತೀಚೆಗೆ ಸೇರಿದವು’ ಎಂಬ ಅಂಕಣ, ಶೋಧಯಂತ್ರಗಳಿಗಾಗಿ ಸಿದ್ಧವಾಗುವ ಪುಟಗಳ ನಕ್ಷೆ ಮತ್ತು ಧ್ವನಿಯ ಕಡತ. ಕೊನೆಯದು ಅತ್ಯಂತ ಅಪಾಯಕಾರಿ. ಧ್ವನಿಯ ಕಡತಗಳನ್ನು ಬಹಳಷ್ಟು ವೇಳೆ ಅನ್ವಯವನ್ನು ಹಾಯದೆ ಸರ್ವರೇ ನೇರವಾಗಿ ಕೊಡುತ್ತದೆ. ಪುಟವನ್ನು ಮುಚ್ಚಿದ್ದರೂ ಕಡತದ ವಿಳಾಸ ಗೊತ್ತಿದ್ದವರು ಹಾಡನ್ನು ಕೇಳಬಹುದು. ಅನ್ವಯದೊಳಗಿನ ಪರೀಕ್ಷೆಗೆ ಈ ದೋಷ ಕಾಣುವುದೇ ಇಲ್ಲ. ನಿಜವಾದ ಸರ್ವರಿನಂತೆಯೇ ಹೊಂದಿಸಿದ ಇನ್ನೊಂದು ನೆಲೆಯಲ್ಲಿ ಕಡತದ ವಿಳಾಸವನ್ನೇ ಕೇಳಿ, ನಿರಾಕರಣೆ ಬರುವುದನ್ನು ಪರೀಕ್ಷಿಸಬೇಕು.

ನಿರಾಕರಣೆಯ ಬಗೆಯೂ ವಿಚಾರಾರ್ಹ. ಜಾಲದ ನಿಯಮದಲ್ಲಿ 403 ಎಂಬ ಉತ್ತರ ‘ಇದೆ, ನಿಮಗೆ ಅನುಮತಿಯಿಲ್ಲ’ ಎಂದರೆ, 404 ಎಂಬುದು ‘ಸಿಕ್ಕಲಿಲ್ಲ’ ಎನ್ನುತ್ತದೆ. ಹಾಡು ಇದೆಯೆಂಬ ಸಂಗತಿಯೇ ಗೋಪ್ಯವಾಗಿರಬೇಕೆಂದು ಮನೆಯವರು ಬಯಸಿದರೆ 404 ಸೂಕ್ತ. ಇದು ತಾಂತ್ರಿಕ ನಿರ್ಧಾರವಲ್ಲ, ಹಾಡಿದವರೊಂದಿಗೆ ಆದ ಒಪ್ಪಂದದ ವ್ಯಾಖ್ಯಾನ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿರುವ ಒಂದೊಂದು ನಿಬಂಧನೆಗೂ ಒಂದೊಂದು ಪರೀಕ್ಷೆ ಇರಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಬ್ರೌಸರಿನ ಮೂಲಕ ಪರೀಕ್ಷೆ

ಈವರೆಗೆ ಹೇಳಿದವುಗಳಲ್ಲಿ ಹೆಚ್ಚಿನವು ಬ್ರೌಸರ್ ಇಲ್ಲದೆ ನಡೆಯುವ, ಕ್ಷಣಾರ್ಧದಲ್ಲಿ ಮುಗಿಯುವ ಪರೀಕ್ಷೆಗಳು. ಓದುಗನ ಅನುಭವವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕಾದರೆ ನಿಜವಾದ ಬ್ರೌಸರನ್ನೇ ನಡೆಸಬೇಕಾಗುತ್ತದೆ. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದ ಸೆಲೀನಿಯಂ ಈ ಕ್ಷೇತ್ರದ ಪ್ರಮುಖ ಸಾಧನ. ಅದರೊಂದಿಗೆ ಬೆಳೆದ ವೆಬ್‌ಡ್ರೈವರ್ ವಿಧಾನವನ್ನು ಜಾಲದ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿ 2018ರಲ್ಲಿ ಶಿಫಾರಸಾಗಿ ಅಂಗೀಕರಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯ ಪ್ಲೇರೈಟ್ 2020ರಲ್ಲಿ ಬಂದಿತು.

ಈ ಪರೀಕ್ಷೆಗಳಲ್ಲಿ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು ಕಾಯುವಿಕೆ. ಪುಟ ಪೂರ್ತಿ ಮೂಡುವ ಮೊದಲೇ ಗುಂಡಿಯನ್ನು ಒತ್ತಲು ಹೋದರೆ ಪರೀಕ್ಷೆ ಸುಮ್ಮನೆ ಸೋಲುತ್ತದೆ. ಐದು ಸೆಕೆಂಡು ಕಾಯೆಂದು ಬರೆದಿಟ್ಟರೆ ಇಂದು ಗೆದ್ದದ್ದು ನಾಳೆ ಸೋಲಬಹುದು. ಇಂತಿಷ್ಟು ಹೊತ್ತು ಎನ್ನುವ ಬದಲು ‘ಫಲಿತಾಂಶದ ಪಟ್ಟಿ ಕಾಣುವವರೆಗೆ’ ಎಂದು ಸ್ಥಿತಿಯನ್ನು ಆಧರಿಸಿ ಕಾಯಬೇಕು. ಕಾರಣವಿಲ್ಲದೆ ಆಗೀಗ ಸೋಲುವ ಪರೀಕ್ಷೆಯನ್ನು ಜನ ಕ್ರಮೇಣ ನಂಬುವುದಿಲ್ಲ. ಅದು ನಿಜವಾಗಿ ಎಚ್ಚರಿಸಿದಾಗಲೂ ಕಿವಿಗೊಡುವುದಿಲ್ಲ. ಎರಡನೆಯದು ಗುರುತಿಸುವಿಕೆ. ಗುಂಡಿಯನ್ನು ಅದರ ಬಣ್ಣ, ಸ್ಥಾನಗಳಿಂದ ಗುರುತಿಸದೆ ‘ಹುಡುಕಿ’ ಎಂಬ ಅದರ ಹೆಸರಿನಿಂದ ಗುರುತಿಸಬೇಕು. ಆಗ ಪುಟದ ಅಲಂಕಾರ ಬದಲಾದರೂ ಪರೀಕ್ಷೆ ಉಳಿಯುತ್ತದೆ, ತೆರೆ ಓದುವ ತಂತ್ರಾಂಶವನ್ನು ಅವಲಂಬಿಸಿದ ದೃಷ್ಟಿಹೀನ ಓದುಗರಿಗೂ ಆ ಗುಂಡಿ ದೊರೆಯುವುದೆಂಬ ಭರವಸೆ ಹೆಚ್ಚುತ್ತದೆ.

ಬ್ರೌಸರಿನ ಪರೀಕ್ಷೆಗಳು ನಿಧಾನ, ಅವುಗಳ ನಿರ್ವಹಣೆಯೂ ಶ್ರಮದ್ದು. ಆದುದರಿಂದ ಅವು ಕೆಲವೇ ಇರಲಿ. ನನ್ನ ಸಂಗ್ರಹದ ಮಟ್ಟಿಗೆ, ಹುಡುಕಿ ಹಾಡೊಂದನ್ನು ಕೇಳುವುದು, ಹೊಸ ದಾಖಲೆಯನ್ನು ಸೇರಿಸುವುದು, ನಿರ್ಬಂಧವನ್ನು ಹಾಕುವುದು, ಈ ಮೂರು ಸಾಕೆಂದು ಕಂಡಿದೆ. ಉಳಿದುದನ್ನು ಸಣ್ಣ ಪರೀಕ್ಷೆಗಳೇ ನೋಡಿಕೊಳ್ಳಬಲ್ಲವು. ಎಲ್ಲವೂ ಪ್ರತಿ ಬದಲಾವಣೆಯ ನಂತರ ತಾವಾಗಿಯೇ ಓಡುವಂತೆ, ಒಂದು ಸೋತರೂ ಹೊಸ ಆವೃತ್ತಿ ಪ್ರಕಟವಾಗದಂತೆ ವ್ಯವಸ್ಥೆ ಇರಬೇಕು. ಓಡಿಸಲು ಯಾರಾದರೂ ನೆನಪಿಡಬೇಕಾದ ಪರೀಕ್ಷೆ ಸ್ವಯಂಚಾಲಿತವೆನಿಸದು.

ಮಿತಿಗಳು

ಪರೀಕ್ಷೆಯು ದೋಷಗಳ ಇರುವಿಕೆಯನ್ನು ತೋರಿಸಬಲ್ಲದೇ ಹೊರತು ಇಲ್ಲದಿರುವಿಕೆಯನ್ನಲ್ಲ ಎಂಬ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಅವರ ಅಭಿಪ್ರಾಯ ಪ್ರಸಿದ್ಧವಾದುದು. ನಮ್ಮ ಕ್ಷೇತ್ರಕ್ಕೆ ಇದರ ಜೊತೆ ಮತ್ತೊಂದು ಮಿತಿಯಿದೆ. ಲಿಪ್ಯಂತರಕಾರ ತಪ್ಪಾಗಿ ಕೇಳಿಸಿಕೊಂಡಿದ್ದರೆ ಆ ತಪ್ಪನ್ನು ಅನ್ವಯ ನಿಷ್ಠೆಯಿಂದ ಕಾಪಾಡುತ್ತದೆ, ಪರೀಕ್ಷೆಯೂ ಗೆಲ್ಲುತ್ತದೆ. ಹಾಡಿದವರ ಮುಂದೆ ಕುಳಿತು ಬರೆದುದನ್ನು ಓದಿ ಹೇಳಿ ತಿದ್ದಿಸಿಕೊಳ್ಳುವ ಹಳೆಯ ಕ್ರಮಕ್ಕೆ ಪರ್ಯಾಯವಿಲ್ಲ. ಹಾಗೆಯೇ ನಿರ್ಬಂಧದ ಗುರುತನ್ನು ಹಾಕಲು ಸಂಗ್ರಾಹಕನೇ ಮರೆತಿದ್ದರೆ ಯಾವ ಪರೀಕ್ಷೆಯೂ ರಕ್ಷಿಸಲಾರದು. ಈ ಕಾರಣದಿಂದ, ಹೊಸ ದಾಖಲೆಗಳೆಲ್ಲ ಮೂಲತಃ ನಿರ್ಬಂಧಿತವಾಗಿಯೇ ಸೇರಬೇಕು, ಅನುಮತಿಯ ವಿವರವನ್ನು ತುಂಬಿದ ಮೇಲೆ ಮಾತ್ರ ತೆರೆಯಬೇಕು ಎಂಬ ನಿಯಮವನ್ನು ಮಾಡಿ, ಅದಕ್ಕೂ ಒಂದು ಪರೀಕ್ಷೆಯನ್ನು ಬರೆಯುವುದು ಕ್ಷೇಮ.

ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಸ್ವಯಂಚಾಲಿತ ಪರೀಕ್ಷೆಯು ಅನ್ವಯ ಮಾಡಬೇಕಾದುದರ ಮತ್ತು ಮಾಡಬಾರದುದರ ಲಿಖಿತ ದಾಖಲೆ. ಲಿಪಿಯ ಏಕರೂಪತೆ, ಉಪಭಾಷೆಯ ವರ್ತನಿ, ಊರಿನ ಹಳೆಯ ವಿಳಾಸ, ಹಾಡಿದವರ ನಿಬಂಧನೆ ಇವೆಲ್ಲವೂ ಸಂಗ್ರಾಹಕನ ತಿಳಿವಳಿಕೆಯಲ್ಲಿರುವ ಸಂಗತಿಗಳು. ತಂತ್ರಾಂಶ ಬರೆಯುವವರು ಬದಲಾಗುತ್ತಾರೆ, ಸಂಗ್ರಾಹಕನೂ ಒಂದು ದಿನ ಇರುವುದಿಲ್ಲ. ಅವನ ತಿಳಿವಳಿಕೆ ಪರೀಕ್ಷೆಗಳಾಗಿ ಬರೆಯಲ್ಪಟ್ಟಿದ್ದರೆ ಅವನ ನಂತರವೂ ಅನ್ವಯವನ್ನು ತಡೆದು ನಿಲ್ಲಿಸಿ ಕೇಳುವ ಶಕ್ತಿ ಅವಕ್ಕಿರುತ್ತದೆ. ದಾಖಲಾತಿ ಯೋಜನೆಗಳನ್ನು ಕೈಗೊಳ್ಳುವ ಸಂಸ್ಥೆಗಳು, ಗ್ರಂಥಾಲಯಗಳು ಅನ್ವಯದೊಂದಿಗೆ ಅದರ ಪರೀಕ್ಷೆಗಳನ್ನೂ ಕೇಳಿ ಪಡೆಯಬೇಕು, ಪರೀಕ್ಷೆಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಕ್ಷೇತ್ರಕಾರ್ಯ ಮಾಡಿದವರನ್ನು ಕೂರಿಸಿಕೊಳ್ಳಬೇಕು. ಬೈಂದೂರಿನ ಆ ಹಿರಿಯರ ಹಾಡು ಈಗ ಸಂಗ್ರಹದಲ್ಲಿ ಸುರಕ್ಷಿತವಾಗಿದೆ. ಅವರಿಗೆ ಕೊಟ್ಟ ಮಾತನ್ನು ಅನ್ವಯದ ಪ್ರತಿ ಬದಲಾವಣೆಯ ನಂತರವೂ ಯಂತ್ರವೊಂದು ಮತ್ತೆ ಮತ್ತೆ ಪರಿಶೀಲಿಸುತ್ತಿದೆ.